ಕತ್ತರಿಗೆ ಬಿದ್ದ ಗೊಂಚಲು

ನಮ್ಮ ಜೋಗುಪಾಳ್ಯದ ಹಳೇ ಮನೆಗಳ ಕಾಂಪೌಂಡ್ ಗೋಡೆಗಳು ಎದೆಯೆತ್ತರಕ್ಕೆ ನಿಂತುಬಿಟ್ಟಿವೆ. ಕಟ್ಟಿಸಿದವರಿಗೆ ಇಟ್ಟಿಗೆ ಸಾಲದೆ ಹೋಯಿತೋ, ಬುದ್ಧಿ ಜಾಸ್ತಿ ಇತ್ತೋ, ಅಂತೂ ಮೊಣಕೈ ಊರಿ ನಿಲ್ಲುವುದಕ್ಕೆ ಹೇಳಿಮಾಡಿಸಿದ ಎತ್ತರ. ಅತ್ತ ಇಂದಿರಾನಗರದ ಹೊಸ ಮನೆಯವರು ಎರಡಾಳುದ್ದ ಗೋಡೆ ಎಬ್ಬಿಸಿ, ಮೇಲೆ ಮುಳ್ಳುತಂತಿ ಸುತ್ತಿ, ಮೂಲೆಗೊಂದು ಕ್ಯಾಮೆರಾ ಸಿಕ್ಕಿಸಿದ್ದಾರೆ. ಅವರ ಮನೆಗೆ ಕಳ್ಳ ಬರುವುದಿಲ್ಲ, ನಿಜ. ಸುದ್ದಿಯೂ ಬರುವುದಿಲ್ಲ.

ನನ್ನ ಎಡಗೋಡೆಯಾಚೆ ಆಂಟಿ. ವಯಸ್ಸಿನಲ್ಲಿ ನನಗಿಂತ ಚಿಕ್ಕವರೇ, ಆದರೂ ಬೀದಿಗೆಲ್ಲ ಆಂಟಿ. ಹುಟ್ಟಿ ಬೆಳೆದದ್ದು ಕಾಕ್ಸ್ ಟೌನು. ಪ್ರಾರ್ಥನೆಗೆ ಇಂಗ್ಲಿಷು, ಅಡಿಗೆಮನೆಯಲ್ಲಿ ತಮಿಳು, ಗೋಡೆ ಹತ್ತಿರ ಬಂದರೆ ಕನ್ನಡ. ಬಲಗೋಡೆಯಾಚೆ ಗೌಡರು. ದೇವನಹಳ್ಳಿ ತಾಲ್ಲೂಕು ವಿಜಯಪುರದ ಕಡೆಯವರು. ಮೊಮ್ಮಕ್ಕಳ ನೆವದಲ್ಲಿ ಮಗನ ಮನೆಗೆ ಬಂದು ಸೇರಿದ್ದಾರೆ, ಮನಸ್ಸು ಮಾತ್ರ ಊರಿನ ದ್ರಾಕ್ಷಿ ಚಪ್ಪರದ ಕೆಳಗೇ ಇದೆ. ತೋಟ ತಮ್ಮ ನೋಡಿಕೊಳ್ಳುತ್ತಾರೆ, ಉಪದೇಶ ಇವರದು, ಫೋನಿನಲ್ಲಿ. ಗೌಡರ ತೋಟದ ಬೆಂಗಳೂರು ನೀಲಿ ದ್ರಾಕ್ಷಿ, ಆಂಟಿಯ ಕ್ರಿಸ್‌ಮಸ್ ಭರಣಿ, ಇವೆರಡಕ್ಕೂ ವರ್ಷಕ್ಕೊಂದು ಸಲ ವ್ಯವಹಾರ ಕುದುರುತ್ತದೆ. ನಡುವೆ ಇರುವುದು ನನ್ನ ಅಂಗಳ. ಹಾಗಾಗಿ ಮಾತೆಲ್ಲ ನನ್ನ ತಲೆಯ ಮೇಲಿಂದಲೇ ಹೋಗಬೇಕು.

ಈ ಸಲದ ಮಾತಿಗೆ ಕಿಡಿ ಹಚ್ಚಿದವನು ನನ್ನ ಅಳಿಯ. ಇಂದಿರಾನಗರದ ಒಂದು ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋಗಿ ಮಾವನವರಿಗೆಂದು ಕೆಂಪು ವೈನು ಹೇಳಿದ. ಹೃದಯಕ್ಕೆ ಒಳ್ಳೆಯದಂತೆ. ಈ ಮಾತು ಸೇರಿಸದೆ ಯಾವ ಅಳಿಯನೂ ಮಾವನಿಗೆ ವೈನು ಕೊಡಿಸುವುದಿಲ್ಲ. ಕರಿ ಏಪ್ರನ್ ತೊಟ್ಟ ಹುಡುಗ ಬಾಟ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಇದರಲ್ಲಿ ಕರಿಮೆಣಸು, ಹೊಗೆಸೊಪ್ಪು, ಹದ ಮಾಡಿದ ಚರ್ಮದ ಪರಿಮಳ ಇದೆ ಸರ್ ಎಂದ. ಶಿವಾಜಿನಗರದಲ್ಲಿ ಇವಿಷ್ಟೂ ವಾಸನೆ ಒಂದೇ ಬೀದಿಯಲ್ಲಿ ಸಿಗುತ್ತವೆ, ಅದೂ ಬಿಟ್ಟಿ. ಬಾಯಿಗಿಟ್ಟರೆ ಉಗುರುಬೆಚ್ಚಗಿತ್ತು. ಕೇಳಿದ್ದಕ್ಕೆ ‘ರೂಮ್ ಟೆಂಪರೇಚರ್ ಸರ್’ ಎಂದ. ಯಾವ ರೂಮಪ್ಪ? ಕೆಂಪು ವೈನನ್ನು ರೂಮಿನ ಬಿಸುಪಿನಲ್ಲಿ ಕುಡಿಯಬೇಕೆಂದು ಕಟ್ಟಳೆ ಮಾಡಿದವರು ಯೂರೋಪಿನ ಕಲ್ಲುಮನೆಗಳವರು. ಅವರ ರೂಮು 16–18 ಡಿಗ್ರಿ. ನಮ್ಮ ಏಪ್ರಿಲ್ ತಿಂಗಳ ಊಟದ ಮನೆಯಲ್ಲ. ಬಕೆಟ್ಟಿಗೆ ಐಸ್ ಹಾಕಿಸಿ ಬಾಟ್ಲಿಯನ್ನು ಸ್ವಲ್ಪ ಹೊತ್ತು ಅದರೊಳಗೆ ಕೂರಿಸಿದ ಮೇಲೆ ರುಚಿ ಬಿಚ್ಚಿಕೊಂಡಿತು. ಹುಳಿ ಇತ್ತು, ಒಗರಿತ್ತು, ಹಣ್ಣಿನ ಘಮ ಇತ್ತು, ಸಿಹಿ ಮಾತ್ರ ಹೆಸರಿಗೂ ಇಲ್ಲ. ಚೀಟಿ ಓದಿದರೆ ನಂದಿ ಬೆಟ್ಟದ ಬುಡದ ಸರಕು. ಕ್ಯಾಬರ್ನೆ ಸಾವಿನ್ಯೋನ್, ಶಿರಾಜ್ ಎಂಬ ಎರಡು ತಳಿಗಳ ಬೆರಕೆ.

ಅದನ್ನು ಗೋಡೆಗೆ ವರದಿ ಒಪ್ಪಿಸಿದೆ. ಆಂಟಿಯ ಮೊದಲ ಪ್ರಶ್ನೆ, “ಸಕ್ಕರೆ ಎಷ್ಟು ಹಾಕಿದಾರಂತೆ ಸರ್?”

ಹಾಕೇ ಇಲ್ಲವಂತೆ ಎಂದೆ.

“ಹಾಗಾದ್ರೆ ಅದು ವೈನ್ ಅಲ್ಲ, ಕಷಾಯ.”

ಆ ಕಡೆಯಿಂದ ಗೌಡರು ಕೆಮ್ಮಿದರು. ಅವರು ಕೆಮ್ಮಿದರೆ ಮಾತು ಬರುತ್ತಿದೆ ಎಂದರ್ಥ. “ಹಣ್ಣಲ್ಲೇ ಸಕ್ಕರೆ ಇದ್ರೆ ಮೇಲೆ ಯಾಕಮ್ಮ ಹಾಕ್ಬೇಕು? ನಿಮ್ ಭರಣಿಗೆ ಕೇಜಿ ಹಣ್ಣಿಗೆ ಕೇಜಿ ಸಕ್ಕರೆ ಸುರೀತೀರಲ್ಲ, ಅದು ನಮ್ ಹಣ್ಣಿನ ಬಡತನಕ್ಕೆ.”

ತನ್ನ ತೋಟದ ಹಣ್ಣನ್ನು ತಾನೇ ಹೀಗೆ ಹಳಿಯುವ ರೈತ ಅಪರೂಪ. ಆದರೆ ಗೌಡರು ಹೇಳಿದ್ದರಲ್ಲಿ ಲೆಕ್ಕವಿದೆ. ಯೀಸ್ಟು ಸಕ್ಕರೆ ತಿಂದು ಆಲ್ಕೋಹಾಲು ಮಾಡುತ್ತದೆ. ಲೀಟರು ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಕರಗಿದರೆ ನೂರಕ್ಕೆ ಒಂದು ಪಾಲು ಆಲ್ಕೋಹಾಲು. ಬೆಂಗಳೂರು ನೀಲಿಯಲ್ಲಿ ಸಕ್ಕರೆ ಸಾಮಾನ್ಯವಾಗಿ ನೂರಕ್ಕೆ 16ರಿಂದ 18. ಕೆಂಪು ವೈನು ಮಾಡುವವರು ಕ್ಯಾಬರ್ನೆ, ಶಿರಾಜ್ ಕೀಳುವುದು 22ರಿಂದ 24ಕ್ಕೆ ಬಂದ ಮೇಲೆ. ಅದರಲ್ಲಿರುವ ಸಕ್ಕರೆಯಿಂದಲೇ 13ರ ಹತ್ತಿರಕ್ಕೆ ಆಲ್ಕೋಹಾಲು ಏರಿ, ಸಕ್ಕರೆ ಮುಗಿದು, ವೈನು ತಾನಾಗಿ ನಿಲ್ಲುತ್ತದೆ. ಅಳಿಯ ಕೊಡಿಸಿದ ಲೋಟದಲ್ಲಿ ಸಿಹಿ ಇಲ್ಲದ್ದಕ್ಕೆ ಕಾರಣ ಇಷ್ಟೇ. ಯೀಸ್ಟು ತಟ್ಟೆ ನೆಕ್ಕಿ ಎದ್ದಿದೆ.

ಈ ಬೆಂಗಳೂರು ನೀಲಿಗೂ ಮರ್ಯಾದೆ ಕಡಿಮೆಯೇನಲ್ಲ, 2013ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದು ಅಮೆರಿಕದ ಲಬ್ರಸ್ಕಾ ಜಾತಿಯ ರಕ್ತ ಹರಿಯುವ ಮಿಶ್ರತಳಿ. ಯೂರೋಪಿನ ವೈನು ತಳಿಗಳೆಲ್ಲ ವಿನಿಫೆರಾ ಜಾತಿಯವು. ರಸೆಲ್ ಮಾರ್ಕೆಟಿನ ಹಣ್ಣಿನ ಸಾಲಿಗೆ ಕಾಲಿಟ್ಟರೆ ಬುಟ್ಟಿ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬಡಿಯುವ ಆ ಗಾಢ ವಾಸನೆ ಲಬ್ರಸ್ಕಾದ ಬಳುವಳಿ. ಜ್ಯೂಸಿಗೆ, ಜಾಮಿಗೆ ಅದು ಭೂಷಣ. ಒಣ ಕೆಂಪು ವೈನಿನಲ್ಲಿ ಅದೊಂದೇ ವಾಸನೆ ಮೆರೆದು ಉಳಿದದ್ದನ್ನೆಲ್ಲ ಮುಚ್ಚಿಹಾಕುತ್ತದೆ. ಆಂಟಿಯ ಲವಂಗ, ಚಕ್ಕೆ, ಸುಟ್ಟ ಸಕ್ಕರೆ ಎಲ್ಲ ಆ ವಾಸನೆಯ ಜೊತೆ ರಾಜಿಗೆ ಕೂತ ಪಂಚಾಯ್ತಿದಾರರು.

ಗೌಡರ ಊರಿನಿಂದ ನಂದಿ ಬೆಟ್ಟ ಕಣ್ಣಿಗೆ ಕಾಣುತ್ತದೆ. ಅದರ ಇನ್ನೊಂದು ಮಗ್ಗುಲಿಗೆ, ದೊಡ್ಡಬಳ್ಳಾಪುರ ತಾಲ್ಲೂಕಿನ ರಘುನಾಥಪುರದಲ್ಲಿ, 1980ರ ದಶಕದ ಕೊನೆಗೆ ಕನ್ವಲ್ ಗ್ರೋವರ್ ಎಂಬ ಉದ್ಯಮಿ ಫ್ರೆಂಚ್ ಬಳ್ಳಿ ನೆಡಿಸಿದರು. ಸಲಹೆಗೆ ಬಂದವರು ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್. ಹತ್ತಾರು ತಳಿ ನೆಟ್ಟು ನೋಡಿ, ಈ ಮಣ್ಣಿಗೆ ಒಗ್ಗಿದ ಕೆಲವನ್ನಷ್ಟೇ ಉಳಿಸಿಕೊಂಡರು. 1992ರಲ್ಲಿ ಮೊದಲ ವೈನು ಹೊರಬಿತ್ತು. 1990ರ ದಶಕದಲ್ಲೇ ಬೋರ್ಡೋ ಸೀಮೆಯ ಮಿಶೆಲ್ ರೋಲಾನ್, ಜಗತ್ತಿನ ಎಷ್ಟೋ ಶ್ರೀಮಂತ ತೋಟಗಳಿಗೆ ಹದ ಹೇಳಿಕೊಟ್ಟ ಆಸಾಮಿ, ಸಲಹೆಗಾರರಾಗಿ ಬಂದರು. ಅವರ ಕೈ ಹತ್ತಿದ ಬೆರಕೆಯೇ ‘ಲಾ ರಿಸರ್ವ್’, ಕ್ಯಾಬರ್ನೆ ಮತ್ತು ಶಿರಾಜ್ ಸೇರಿದ್ದು. 2012ರಲ್ಲಿ ಕಂಪನಿ ನಾಸಿಕ್ ಕಡೆಯ ಇನ್ನೊಂದು ಕಂಪನಿಯ ಜೊತೆ ಕೂಡಿಕೊಂಡು ಗ್ರೋವರ್ ಝಂಪಾ ಆಯಿತು. ಇವರನ್ನು ನೋಡಿ ಉಳಿದವರೂ ಧೈರ್ಯ ಮಾಡಿದರು. ಸರ್ಕಾರವೂ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು, ನಂದಿ ಕಣಿವೆ, ಕೃಷ್ಣಾ ಕಣಿವೆ ಎಂದೆಲ್ಲ ಸೀಮೆ ಗುರುತಿಸಿ, ದ್ರಾಕ್ಷಾರಸ ಮಂಡಳಿ ಮಾಡಿತು. ಮಂಡಳಿಯ ದ್ರಾಕ್ಷಾರಸ ಉತ್ಸವಕ್ಕೆ ಹೋಗಿ ನೋಡಬೇಕು. ಒಣ ಕೆಂಪು ಬಾಯಿಗಿಟ್ಟ ಮುಖಗಳು ಹುಣಸೆಕಾಯಿ ಕಚ್ಚಿದ ಹಾಗಿರುತ್ತವೆ, ಸಿಹಿ ವೈನಿನ ಮುಂದೆ ಕ್ಯೂ ಇರುತ್ತದೆ. ಆಂಟಿಯ ಪಕ್ಷಕ್ಕೆ ಬಹುಮತ ಇದೆ ಎಂದು ಒಪ್ಪಲೇಬೇಕು.

“ಫ್ರಾನ್ಸ್‌ನಲ್ಲಿ ಬಳ್ಳಿ ಮಲಗ್ತದೆ ಮೇಷ್ಟ್ರೇ,” ಎಂದರು ಗೌಡರು. “ಚಳಿ ಬಿತ್ತು ಅಂದ್ರೆ ಎಲೆ ಉದುರಿಸ್ಕಂಡು ತಿಂಗಳುಗಟ್ಟಲೆ ನಿದ್ದೆ. ನಮ್ ಕಡೆ ಬಳ್ಳಿಗೆ ನಿದ್ದೆ ಎಲ್ಲಿ ಬರ್ಬೇಕು? ವರ್ಷವೆಲ್ಲ ಚಿಗುರ್ತಾನೇ ಇರ್ತದೆ. ಯಾವಾಗ ಏಳ್ಬೇಕು, ಯಾವಾಗ ಕಾಯಿ ಕಟ್ಬೇಕು ಅಂತ ಕತ್ತರೀಲಿ ಹೇಳ್ಬೇಕು.”

ವಿಷಯದ ತಿರುಳು ಇಲ್ಲೇ ಇದೆ. ನಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ ವೈನಿನ ವರ್ಷವನ್ನು ಶುರುಮಾಡುವುದು ಪಂಚಾಂಗವಲ್ಲ, ಸವರುವ ಕತ್ತರಿ. ಕೊಯ್ಲಾದ ಮೇಲೆ ಬೇಸಿಗೆಯಲ್ಲಿ ಒಂದು ಸಲ ಬುಡಮಟ್ಟ ಸವರುತ್ತಾರೆ. ಆಗ ಬರುವ ಚಿಗುರು ಬಲಿತು ಕಡ್ಡಿಯಾಗಬೇಕು, ಹಣ್ಣು ಕೇಳುವಂತಿಲ್ಲ. ಸೆಪ್ಟೆಂಬರ್ ಸುಮಾರಿಗೆ ಎರಡನೇ ಸಲ ಸವರಿದರೆ ಹೂವು, ಕಾಯಿ. ಸೆಪ್ಟೆಂಬರ್ ಅಕ್ಟೋಬರ್ ಅಂದರೆ ಬೆಂಗಳೂರಿನ ಮಳೆ ಜಡಿಯುವ ತಿಂಗಳು. ಮಳೆ ಹಿಂದೆಗೆಯುವ ಹೊತ್ತಿಗೆ ಕಾಯಿ ಕಟ್ಟಬೇಕು, ಡಿಸೆಂಬರ್ ಜನವರಿಯ ಒಣ ಹವೆಯಲ್ಲಿ ಬಣ್ಣ ತಿರುಗಬೇಕು, ಫೆಬ್ರುವರಿ ಮಾರ್ಚಿಗೆ ಕೊಯ್ಲು. ನಂದಿಯ ಬುಡವೇ ಸಮುದ್ರಮಟ್ಟದಿಂದ 900 ಮೀಟರ್ ಎತ್ತರ. ಆ ಎತ್ತರದಲ್ಲಿ ಹಗಲು ಎಷ್ಟೇ ಸುಟ್ಟರೂ ರಾತ್ರಿ ತಣ್ಣಗಾಗುತ್ತದೆ. ಹಗಲಿನ ಬಿಸಿಲು ಸಕ್ಕರೆ ತುಂಬುತ್ತದೆ, ರಾತ್ರಿಯ ತಂಪು ಹುಳಿಯನ್ನು ಕಾಯುತ್ತದೆ. ರಾತ್ರಿಯೂ ಸೆಖೆಯಾದರೆ ಹಣ್ಣು ಉಸಿರಾಡುತ್ತ ತನ್ನ ಹುಳಿಯನ್ನೇ ತಿಂದುಕೊಳ್ಳುತ್ತದೆ. ಆಮೇಲೆ ವೈನು ಸಪ್ಪೆ, ನಾಲಿಗೆಯ ಮೇಲೆ ದೊಪ್ಪನೆ ಬೀಳುತ್ತದೆ.

ಕತ್ತರಿ ಒಂದು ವಾರ ತಡವಾದರೆ ಕೊಯ್ಲು ಬಿಸಿಲಿಗೆ ಸಿಕ್ಕುತ್ತದೆ, ಒಂದು ವಾರ ಮುಂಚೆ ಬಿದ್ದರೆ ಹೂವು ಮಳೆಗೆ ಸಿಕ್ಕುತ್ತದೆ. ಮಳೆಗೆ ಸಿಕ್ಕರೆ ಬೂಜು, ನೂರೆಂಟು ರೋಗ. ಬೂಜಿಗೆ ಮದ್ದು ಮೈಲುತುತ್ತ, ಸುಣ್ಣ.

“ನಮ್ ಮಲೆನಾಡಿನ ಬೀಗರು ಅಡಿಕೆಗೆ ಹೊಡೀತಾರಲ್ಲ ಬೋರ್ಡೋ, ಅದೇ,” ಎಂದರು ಗೌಡರು.

ಮೇಷ್ಟ್ರ ಚಪಲ, ಇಲ್ಲಿ ನಾನು ಬಾಯಿ ಹಾಕಲೇಬೇಕಾಯಿತು. ಬೋರ್ಡೋ ಎಂಬುದು ರೋಲಾನ್ ಸಾಹೇಬರ ಊರು, ಕ್ಯಾಬರ್ನೆಯ ತವರು. 1880ರ ದಶಕದಲ್ಲಿ ಅಲ್ಲಿನ ಪ್ರೊಫೆಸರ್ ಮಿಲಾರ್ದೆ ತೋಟಗಳ ನಡುವೆ ಅಡ್ಡಾಡುವಾಗ, ಊರೆಲ್ಲ ಬೂಜು ಹಿಡಿದು ಎಲೆ ಉದುರುತ್ತಿದ್ದರೂ ರಸ್ತೆ ಪಕ್ಕದ ಸಾಲುಗಳು ಮಾತ್ರ ಹಸಿರಾಗಿರುವುದನ್ನು ಕಂಡರಂತೆ. ದಾರಿಹೋಕರು ಹಣ್ಣು ಕದಿಯದಿರಲೆಂದು ತೋಟದವರು ಅವಕ್ಕೆ ಮೈಲುತುತ್ತ ಸುಣ್ಣ ಬಳಿದು ವಿಷದ ಹಾಗೆ ಕಾಣಿಸಿದ್ದರು. ಕಳ್ಳರಿಗೆ ಇಟ್ಟ ಮದ್ದು ರೋಗಕ್ಕೆ ತಗುಲಿತು. ಮೈಸೂರು ಸಂಸ್ಥಾನದಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನೇ ಅಡಿಕೆಯ ಕೊಳೆರೋಗದ ಮೇಲೆ ಪ್ರಯೋಗಿಸಿದರು. ತೀರ್ಥಹಳ್ಳಿಯ ಯಾವ ತೋಟದವನನ್ನು ಕೇಳಿದರೂ ಬೋರ್ಡೋ ಗೊತ್ತು. ಅದು ವೈನಿನ ಊರೆಂದರೆ ನಗುತ್ತಾನೆ.

ಆಂಟಿಗೆ ಇದರಲ್ಲಿ ರುಚಿ ಹತ್ತಲಿಲ್ಲ. “ಮೆಡಿಸಿನ್ ಸ್ಟೋರಿ ಬೇಡ ಸರ್. ಅವರ ದ್ರಾಕ್ಷಿ ಅಷ್ಟು ಸ್ವೀಟ್ ಹೇಗೆ, ಗೌಡ್ರ ದ್ರಾಕ್ಷಿ ಅಷ್ಟು ಹುಳಿ ಹೇಗೆ, ಅದು ಹೇಳಿ.”

ಗೌಡರು ಮೊದಲು ಉತ್ತರಿಸಲಿಲ್ಲ. ಆಮೇಲೆ ತಮ್ಮನ ಕಥೆ ಹೇಳಿದರು. ಒಂದು ಸಲ ಆ ತಮ್ಮ, ತೋಟದ ಒಂದು ಮೂಲೆಯಲ್ಲಿ ಚಪ್ಪರ ಕಿತ್ತು, ಕಂಬಕ್ಕೆ ತಂತಿ ಬಿಗಿದು, ವೈನು ತಳಿ ಹಾಕಿದ್ದನಂತೆ, ಕಂಪನಿಯೊಂದರ ಜೊತೆ ಕರಾರು ಮಾಡಿಕೊಂಡು. ಕಾಯಿ ಚೆನ್ನಾಗಿ ಕಚ್ಚಿತು. ಬಳ್ಳಿ ಬಗ್ಗುವಷ್ಟು ಗೊಂಚಲು. ಕಾಳು ಇನ್ನೂ ಬಟಾಣಿ ಗಾತ್ರ, ಹಸಿರು. ಆಗ ಕಂಪನಿಯ ಹುಡುಗ ಟೋಪಿ ಹಾಕಿಕೊಂಡು ಬಂದು, ಸಾಲಿನ ಈ ತುದಿಯಿಂದ ಆ ತುದಿಗೆ ನಡೆಯುತ್ತ, ಒಂದು ಚಿಗುರಿಗೆ ಒಂದೇ ಗೊಂಚಲು ಬಿಟ್ಟು ಉಳಿದದ್ದನ್ನು ಕಚಕ್ ಕಚಕ್ ಎಂದು ಕತ್ತರಿಸಿ ನೆಲಕ್ಕೆ ಹಾಕಿದ. ಹಿಂದೆ ತಮ್ಮ, ಅವನ ಹಿಂದೆ ಅವನ ಹೆಂಡತಿ. ಬಿದ್ದ ಗೊಂಚಲನ್ನು ಆಕೆ ಮಡಿಲಿಗೆ ಹಾಕಿಕೊಳ್ಳುತ್ತ ಬಂದರಂತೆ. ಏನು ಮಾಡುವುದಕ್ಕಾಗುತ್ತದೆ, ಉಪ್ಪಿನಕಾಯಿಗೂ ಬಾರದ ಕಾಯಿ.

“ಅವತ್ತು ಮನೇಲಿ ಒಲೆ ಹಚ್ಚಲಿಲ್ಲ ಮೇಷ್ಟ್ರೇ. ಅರ್ಧ ಬೆಳೆ ನೆಲದ ಮೇಲಿತ್ತು.”

ಹುಡುಗನ ವಾದವೂ ಸುಳ್ಳಲ್ಲ. ಬಳ್ಳಿಯ ಎಲೆಗಳು ದುಡಿದು ಕೂಡಿಡುವ ಸಕ್ಕರೆಗೆ ಒಂದು ಮಿತಿಯಿದೆ. ಅದನ್ನು ನಲವತ್ತು ಗೊಂಚಲಿಗೆ ಹಂಚಿದರೆ ಎಲ್ಲವೂ ನೀರು, ಇಪ್ಪತ್ತಕ್ಕೆ ಹಂಚಿದರೆ ಹಣ್ಣಿನಲ್ಲಿ ಕಸುವು. ನೀರನ್ನೂ ಹಾಗೆಯೇ ಹಿಡಿದು ಕೊಡುತ್ತಾರೆ. ಬಣ್ಣ ತಿರುಗುವ ಹೊತ್ತಿಗೆ ಹನಿ ನೀರಾವರಿಯ ಕೊಳವೆಯನ್ನು ಅರೆಬರೆ ತಿರುವಿ, ಬಳ್ಳಿಗೆ ಸ್ವಲ್ಪ ಬಾಯಾರಿಕೆ ಹಚ್ಚುತ್ತಾರೆ. ಕಾಳು ಚಿಕ್ಕದಾಗುತ್ತದೆ. ಕಾಳು ಚಿಕ್ಕದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆ ಜಾಸ್ತಿ. ನಂದಿ ಬುಡದ ಕಲ್ಲುಮಿಶ್ರಿತ ಕೆಂಪು ಮಣ್ಣು ನೀರು ಹಿಡಿದಿಡುವುದಿಲ್ಲ, ಸಾರವೂ ಅಷ್ಟಕ್ಕಷ್ಟೆ. ರಾಗಿಗೆ ಬಡ ಮಣ್ಣು ಅನ್ನಿಸಿಕೊಂಡದ್ದೇ ಇಲ್ಲಿ ಯೋಗ್ಯತೆ.

ಆದರೆ ಗೌಡರ ಬೆಂಗಳೂರು ನೀಲಿಯನ್ನು ಕೊಳ್ಳುವವರು ಕೇಳುವುದು ಕೇಜಿ ಎಷ್ಟು ಎಂದು. ಸಕ್ಕರೆ ಎಷ್ಟಿದೆ ಎಂದು ರಸೆಲ್ ಮಾರ್ಕೆಟಿನ ಯಾವ ತಕ್ಕಡಿಯೂ ಕೇಳುವುದಿಲ್ಲ. ಹಾಗಿದ್ದಮೇಲೆ ರೈತ ಗೊಂಚಲು ಯಾಕೆ ಕತ್ತರಿಸಬೇಕು, ನೀರು ಯಾಕೆ ಕಟ್ಟಬೇಕು? ವರ್ಷಕ್ಕೆ ಎರಡು ಬೆಳೆ ತೆಗೆ, ಚಪ್ಪರ ತುಂಬ ತೂಗುಬಿಡು, ತೂಕಕ್ಕೆ ಹಾಕು. ನಮ್ಮ ಊರಿನ ಹೆಸರು ಹೊತ್ತ ದ್ರಾಕ್ಷಿ ಒಳ್ಳೆ ವೈನಾಗದೆ ಹೋದದ್ದಕ್ಕೆ ಅದರ ಜಾತಿಯನ್ನು ಎಲ್ಲರೂ ದೂರುತ್ತಾರೆ. ಅರ್ಧ ದೂರು ತಕ್ಕಡಿಯ ಮೇಲೆ ಹಾಕಬೇಕೆಂಬುದು ನನ್ನ ಅಭಿಪ್ರಾಯ. ಗೌಡರ ತಮ್ಮನೂ ಕರಾರು ಮುಗಿದ ಮೇಲೆ ಆ ಮೂಲೆಗೆ ಮತ್ತೆ ಚಪ್ಪರ ಹಾಕಿದರು.

ನೀರಿನ ಮಾತು ಬಂದದ್ದಕ್ಕೆ ಒಂದು ಹೇಳಿಬಿಡುತ್ತೇನೆ. ಗೌಡರ ಹೆಂಡತಿಯ ತವರು ಕೋಲಾರದ ಹಾದಿಯ ನರಸಾಪುರದ ಕಡೆ. ಅಲ್ಲಿ ಬೋರುಗಳು ಸಾವಿರ ಅಡಿ ದಾಟಿದರೂ ಧೂಳು ಉಗುಳುತ್ತಿದ್ದವು. 2018ರಿಂದ ಈಚೆಗೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಪಂಪಿನಲ್ಲಿ ಅಲ್ಲಿಯ ಲಕ್ಷ್ಮೀಸಾಗರ ಕೆರೆಗೆ ಬಿಟ್ಟು, ಒಂದಾದ ಮೇಲೊಂದು ಕೆರೆ ತುಂಬಿಸುತ್ತಿದ್ದಾರೆ. ಹಲಸೂರು ಕೆರೆಯ ಕೋಡಿ, ನಮ್ಮ ಬೀದಿಯ ಮೋರಿ ಎಲ್ಲ ಹರಿಯುವುದು ಅದೇ ಕೆ.ಸಿ. ವ್ಯಾಲಿಯ ಚಲ್ಲಘಟ್ಟದ ಕಣಿವೆಗೆ. “ಅಂದ್ರೆ ನಾನು ಪಾತ್ರೆ ತೊಳೆದ ನೀರು ನಿಮ್ ಮಿಸೆಸ್ ಊರಿನ ಬೋರ್‌ಗೆ ಹೋಗತ್ತೆ,” ಎಂದರು ಆಂಟಿ ಗತ್ತಿನಲ್ಲಿ. ಹಾಗೆ ನೋಡಿದರೆ ಆ ಕಡೆಯ ತೋಟಗಳಲ್ಲಿ ಅವರದೂ ಒಂದು ಪಾಲು ಇದೆ. ಆ ನೀರನ್ನು ಇನ್ನೂ ಒಂದು ಹಂತ ಶುದ್ಧ ಮಾಡಬೇಕಿತ್ತೆಂದು ಕೋಲಾರದವರು ಜಗಳವಾಡುತ್ತಲೇ ಇದ್ದಾರೆ. ಅದು ನ್ಯಾಯವಾದ ಜಗಳ.

ಅಷ್ಟರಲ್ಲಿ ಗೌಡರು ಒಳಗೆ ಹೋಗಿ, ಊರಿನಿಂದ ಟೆಂಪೋದಲ್ಲಿ ಬಂದಿದ್ದ ಒಂದು ಗೊಂಚಲು ತಂದರು. ಬೂದಿಗೆರೆ ಕ್ರಾಸಿನಿಂದ ಕೆ.ಆರ್.ಪುರಕ್ಕೆ ಬಂದು ತೂಗುಸೇತುವೆ ದಾಟಿ ಟಿನ್ ಫ್ಯಾಕ್ಟರಿ ಹತ್ತಿರ ನಿಂತರೆ, ದ್ರಾಕ್ಷಿ ಅಲ್ಲೇ ವೈನಾಗುವ ಸಂಭವ ಉಂಟು. ಇದು ಪಾರಾಗಿ ಬಂದಿತ್ತು. ಒಂದು ಕಾಳು ಕಿತ್ತು, ತೊಟ್ಟಿನ ಕಡೆಯಿಂದ ಎರಡು ಬೆರಳಲ್ಲಿ ಒತ್ತಿದರು. ಒಳಗಿನ ತಿರುಳು ಪುಳಕ್ಕನೆ ಜಾರಿ ನನ್ನ ಅಂಗೈಗೆ ಬಿತ್ತು. ಬಿಳಿಹಸಿರು, ಲೋಳೆ, ಒಳಗೆ ಬೀಜಗಳ ನೆರಳು. ಗೌಡರ ಬೆರಳ ತುದಿಯಲ್ಲಿ ಸಿಪ್ಪೆ ಖಾಲಿ ಚೀಲವಾಗಿ ಉಳಿಯಿತು. ಅದನ್ನು ಗೋಡೆಯ ಸುಣ್ಣದ ಮೇಲೆ ಉಜ್ಜಿದರು. ನೇರಳೆ ಗೀಟು.

“ನೋಡಿ, ಬಣ್ಣ ಅನ್ನೋದು ಇಷ್ಟರಲ್ಲೇ.”

ಗೋಡೆ ನನ್ನದು ಎಂಬುದು ಅವರಿಗೆ ನೆನಪಿದ್ದಂತೆ ಕಾಣಲಿಲ್ಲ.

ಕೆಂಪು ವೈನಿನ ಬಣ್ಣ, ಒಗರು ಹೆಚ್ಚುಪಾಲು ಸಿಪ್ಪೆಯವು, ಸ್ವಲ್ಪ ಬೀಜದ್ದು. ಕರಿ ದ್ರಾಕ್ಷಿಯನ್ನೇ ಹಿಂಡಿ ಸಿಪ್ಪೆ ತಕ್ಷಣ ಬೇರೆ ಮಾಡಿದರೆ ರಸ ಹೆಚ್ಚುಕಡಿಮೆ ಬಿಳಿ. ಶಾಂಪೇನಿನವರು ಮಾಡುವುದು ಹಾಗೆಯೇ. ಕೆಂಪು ಬೇಕಾದರೆ ರಸವನ್ನು ಸಿಪ್ಪೆಯ ಜೊತೆಯಲ್ಲೇ ಹುಳಿಯಲು ಬಿಡಬೇಕು. ಆಗ ಹುಟ್ಟುವ ಗಾಳಿ ಸಿಪ್ಪೆಯನ್ನೆಲ್ಲ ಮೇಲಕ್ಕೆ ತಳ್ಳಿ ದಪ್ಪ ಮುಚ್ಚಳ ಕಟ್ಟುತ್ತದೆ. ಆಂಟಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ದಿನಾ ಬೆಳಿಗ್ಗೆ ಚರ್ಚಿನ ಗಂಟೆಯ ಹೊತ್ತಿಗೆ ಮರದ ಸೌಟಿನಲ್ಲಿ ಅದನ್ನು ಕೆಳಕ್ಕೆ ಒತ್ತಿ ಕಲಕುತ್ತಾರೆ. ಅವರ ಅಮ್ಮ ಹಾಗೆ ಮಾಡುತ್ತಿದ್ದರಂತೆ, ಅವರ ಅಜ್ಜಿಯೂ. ಒತ್ತದೆ ಬಿಟ್ಟರೆ ಮೇಲಿನ ಸಿಪ್ಪೆ ಒಣಗಿ ವಿನೆಗರ್ ವಾಸನೆ ಹಿಡಿಯುತ್ತದೆ, ಬಣ್ಣವೂ ಇಳಿಯುವುದಿಲ್ಲ. ವೈನರಿಯಲ್ಲಿ ಇದೇ ಕೆಲಸವನ್ನು ಪಂಪು ಮಾಡುತ್ತದೆ, ತೊಟ್ಟಿಯ ತಳದ ರಸವನ್ನೆಳೆದು ಮೇಲಿನ ಸಿಪ್ಪೆಯ ಮೇಲೆ ಸುರಿದು. ಸ್ಟೀಲು ತೊಟ್ಟಿಯ ಹೊರಮೈಗೆ ತಣ್ಣೀರಿನ ಕವಚ ಇರುತ್ತದೆ, ಕೆಂಪಿಗೆ 25–30 ಡಿಗ್ರಿಯ ಆಸುಪಾಸು. ಜಾಸ್ತಿ ಕಾದರೆ ಯೀಸ್ಟು ಸಾಯುತ್ತದೆ, ಹಣ್ಣಿನ ಘಮ ಹಾರಿಹೋಗುತ್ತದೆ. ಆಂಟಿಯ ಕವಚ ಒದ್ದೆ ಗೋಣಿಚೀಲ.

“ಒಂದ್ ಸಲ ನಮ್ ಸೊಸೆ ಮಿಕ್ಸಿಗೆ ಹಾಕ್ಬಿಟ್ಲು ಮ್ಯಾನ್,” ಎಂದರು ಆಂಟಿ. ಬೇಜಾರಾದರೆ ಅವರಿಗೆ ಎಲ್ಲರೂ ಮ್ಯಾನ್. “ಕೈಯಲ್ಲಿ ಹಿಸುಕೋಕೆ ಟೈಮ್ ಇಲ್ಲ ಅಂತ. ಎಷ್ಟು ಸಕ್ಕರೆ ಹಾಕಿದ್ರೂ ಕಹಿ, ಕಹಿ.”

ಆಗಲೇಬೇಕು. ಬೀಜ ಒಡೆದರೆ ಅದರೊಳಗಿನ ಕಹಿ, ಕಟು ಒಗರು ರಸಕ್ಕಿಳಿಯುತ್ತದೆ. ವೈನರಿಯ ಯಂತ್ರಗಳೂ ತೊಟ್ಟು ಬಿಡಿಸಿ, ಸಿಪ್ಪೆ ಬಿರಿಯುವಷ್ಟೇ ಒತ್ತುತ್ತವೆ, ಬೀಜ ಮುಟ್ಟುವುದಿಲ್ಲ. ಹುಳಿತ ಮುಗಿದು ವೈನು ಬಸಿದ ಮೇಲೆ ಉಳಿದ ಸಿಪ್ಪೆಯನ್ನು ಹಿಂಡಿದರೆ ಇನ್ನೊಂದಿಷ್ಟು ಬರುತ್ತದೆ, ಕಪ್ಪಗೆ, ಒರಟಾಗಿ. ಅದನ್ನು ಬೇರೆ ಇಡುತ್ತಾರೆ. ಬೆರಕೆಯ ದಿನ ಬೇಕೆನಿಸಿದರೆ ಒಂದಿಷ್ಟು, ಇಲ್ಲದಿದ್ದರೆ ಇಲ್ಲ. ನಮ್ಮ ಮನೆಗಳಲ್ಲಿ ಈ ಸಂಯಮ ಕಷ್ಟ. ಆಂಟಿ ಕೊನೆಗೆ ಸಿಪ್ಪೆಯನ್ನು ಮಲ್ಲುಬಟ್ಟೆಗೆ ಹಾಕಿ ಮಗನ ಕೈಯಲ್ಲಿ ಹಿಂಡಿಸಿ, ಆ ರಸವನ್ನು ಅದೇ ಬಾಟ್ಲಿಗೆ ಸುರಿಯುತ್ತಾರೆ. ಹಣ ಕೊಟ್ಟು ತಂದದ್ದನ್ನು ಚೆಲ್ಲುವುದುಂಟೇ?

ಅದಾದ ಮೇಲೆ ವೈನರಿಯಲ್ಲಿ ಎರಡನೇ ಹುಳಿತ ಒಂದಿದೆ. ಹಸಿ ಸೇಬಿನಲ್ಲಿರುವ ಚುರುಕು ಹುಳಿಯನ್ನು ಬ್ಯಾಕ್ಟೀರಿಯಾ ಮೊಸರಿನ ಮೆದು ಹುಳಿಯಾಗಿ ತಿರುಗಿಸುತ್ತದೆ. ಹೋಟೆಲಿನ ಹುಡುಗರು ‘ಸ್ಮೂತ್’ ಎನ್ನುವುದರಲ್ಲಿ ಇದಕ್ಕೂ ಪಾಲಿದೆ. ಮುಂದೆ ಫ್ರೆಂಚ್ ಓಕ್ ಮರದ ಪೀಪಾಯಿ, 225 ಲೀಟರು ಹಿಡಿಯುವಂಥದು, ಒಳಮೈಯನ್ನು ಬೆಂಕಿಯಲ್ಲಿ ಸುಟ್ಟು ಹದ ಮಾಡಿದ್ದು. ಮರದ ಸಂದಿನಿಂದ ಗಾಳಿ ಅಷ್ಟಿಷ್ಟೇ ನುಸುಳಿ ಒಗರಿನ ಮೊನೆ ಮುರಿಯುತ್ತದೆ. ವೆನಿಲ್ಲಾ, ಹೊಗೆ ಅನ್ನುವ ವಾಸನೆಗಳು ಮರದವು, ಹಣ್ಣಿನವಲ್ಲ.

ಇಷ್ಟಾಗುವವರೆಗೂ ಶಿರಾಜ್ ಬೇರೆ, ಕ್ಯಾಬರ್ನೆ ಬೇರೆ. ಒಂದೇ ತಳಿಯಲ್ಲೂ ಇಳಿಜಾರಿನ ತುಂಡು ಬೇರೆ, ತಗ್ಗಿನ ತುಂಡು ಬೇರೆ. ಶಿರಾಜ್‌ಗೆ ಹಣ್ಣಿನ ಮೈ, ಕರಿಮೆಣಸಿನ ಘಾಟು, ಬಿಸಿಲು ಜೋರಾದರೆ ಬೇಗ ಬಾಡುತ್ತದೆ. ಕ್ಯಾಬರ್ನೆ ನಿಧಾನಿ. ಕಾಳು ಸಣ್ಣ, ಸಿಪ್ಪೆ ದಪ್ಪ, ಒಗರು ಬಿಗಿ. ಒಂದೇ ಕುಡಿದರೆ ಮೊದಲ ಗುಟುಕಿಗೂ ಕೊನೆಯ ಗುಟುಕಿಗೂ ನಡುವೆ ಏನೋ ಖಾಲಿ ಎನ್ನಿಸುತ್ತದೆ. ಆ ಖಾಲಿಗೆ ಶಿರಾಜ್ ಬೇಕು.

“ಮಿಕ್ಸ್ ಮಾಡಿದ್ರೆ ಕಲಬೆರಕೆ ಅಲ್ವಾ?” ಎಂದರು ಆಂಟಿ.

ಹಲಸೂರಿನ ಕಾಫಿಪುಡಿ ಅಂಗಡಿಯಲ್ಲಿ ನಿಂತು, ‘ಪೀಬೆರಿ ಅರ್ಧ, ಪ್ಲಾಂಟೇಶನ್ ಎ ಅರ್ಧ, ಚಿಕೋರಿ ಇಪ್ಪತ್ತರ ಮೇಲೆ ಬೇಡ’ ಎಂದು ಗದರಿಸಿ ಪುಡಿ ಮಾಡಿಸುವ ಹೆಂಗಸು ಕೇಳುವ ಪ್ರಶ್ನೆಯೇ ಇದು? ವ್ಯತ್ಯಾಸ ಇಷ್ಟೇ. ಕಾಫಿಯವನ ಅಳತೆ ವರ್ಷವೆಲ್ಲ ಒಂದೇ, ವೈನಿನವನದು ವರ್ಷವರ್ಷವೂ ಬೇರೆ. ಫೆಬ್ರುವರಿಯಲ್ಲೇ ಬಿಸಿಲು ಬಿದ್ದ ವರ್ಷ ಒಂದು, ಚಳಿ ನಿಧಾನಕ್ಕೆ ಸರಿದ ವರ್ಷ ಇನ್ನೊಂದು. ಅಳತೆಯ ಗಾಜಿನ ಕೊಳವೆ ಹಿಡಿದು ಕೂತು, ನೂರಕ್ಕೆ ಐದು ಏರಿಸಿ, ಐದು ಇಳಿಸಿ, ರುಚಿ ನೋಡಿ ಉಗುಳುತ್ತಾರೆ. ಒಪ್ಪದ ಪೀಪಾಯಿಗೆ ದೊಡ್ಡ ಹೆಸರಿನ ಬಾಟ್ಲಿ ಇಲ್ಲ. ಅದು ಅಗ್ಗದ ಚೀಟಿ ಹಚ್ಚಿಕೊಂಡು ಹೊರಡುತ್ತದೆ. ಸೆಪ್ಟೆಂಬರಿನಲ್ಲಿ ಕಡ್ಡಿ ಚೆಲ್ಲಿ, ಆಮೇಲೆ ಗೊಂಚಲು ಚೆಲ್ಲಿ, ಹಿಂಡಿದ್ದನ್ನು ಪಕ್ಕಕ್ಕಿಟ್ಟು, ಕೊನೆಗೆ ಪೀಪಾಯಿಯನ್ನೂ ಕೈಬಿಟ್ಟು ಉಳಿದದ್ದು ಆ ಲೋಟದಲ್ಲಿತ್ತು. ಅಳಿಯ ತೆತ್ತ ಬಿಲ್ಲಿನಲ್ಲಿ ಚೆಲ್ಲಿದ್ದರ ದುಡ್ಡೂ ಸೇರಿತ್ತು ಎಂದು ನನಗೀಗ ಅನ್ನಿಸುತ್ತಿದೆ, ಅಬಕಾರಿ ಸುಂಕ ಬೇರೆ.

“ಅಬಕಾರಿ ಅಂತ ಜೋರಾಗಿ ಹೇಳ್ಬೇಡಿ ಸರ್,” ಆಂಟಿ ಬೀದಿಯತ್ತ ನೋಡಿದರು.

ಆಮೇಲೆ ಗೌಡರ ಕಡೆ ತಿರುಗಿ, ವ್ಯಾಪಾರದ ದನಿಯಲ್ಲಿ, “ಗೌಡ್ರೇ, ಈ ಸಲ ನನ್ನ ಇಪ್ಪತ್ತು ಕೇಜಿ ಇನ್ನೂ ಹದಿನೈದು ದಿನ ಬಳ್ಳಿಯಲ್ಲೇ ಬಿಡಿ. ಸ್ವೀಟ್ ಆಗ್ಲಿ. ಸಕ್ಕರೆ ಅರ್ಧ ಹಾಕ್ತೀನಿ.”

“ಬಿಟ್ರೆ ಸಿಹಿ ಬರ್ತದೆ, ಹುಳಿ ಇಳೀತದೆ. ವಾಸನೇನೂ ಏರ್ತದೆ, ಆಮೇಲೆ ನನ್ನ ಕೇಳ್ಬೇಡಿ.”

“ವಾಸನೆಗೆ ಲವಂಗ ಇದೆ.”

“ಗೊರವಂಕ ತಿಂತವೆ. ಮಳೆ ಹೊಡೆದ್ರೆ ಕಾಳು ಬಿರೀತವೆ. ಇಲ್ಲಾಂದ್ರೆ ಬಾಡಿ ತೂಕ ಕಮ್ಮಿ ಆಗ್ತದೆ. ಇಪ್ಪತ್ತು ಹದಿನಾರಾಗ್ತದೆ. ಆ ನಾಲ್ಕು ಕೇಜಿ ಯಾರ ಲೆಕ್ಕ?”

“ನೀವು ಬೆಳೆಯೋರು, ನಿಮ್ ಲೆಕ್ಕ.”

“ನೀವು ಕಾಯಿಸೋರು, ನಿಮ್ ಲೆಕ್ಕ.”

ಇಬ್ಬರೂ ನನ್ನ ಕಡೆ ನೋಡಿದರು. ಅರ್ಧ ಅರ್ಧ ಎಂದೆ. ಯಾರಿಗೂ ಹಿಡಿಸಲಿಲ್ಲ. ಗೌಡರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು, “ಒಂದ್ ಕೆಲ್ಸ ಮಾಡನ. ತೂಕ ಈಗ್ಲೇ ಹಾಕ್ಬಿಡನ, ಹಣ್ಣು ಆಮೇಲೆ ಕೀಳನ.”

“ಬಳ್ಳಿ ಮೇಲಿರೋದನ್ನ ಹೇಗೆ ತೂಕ ಹಾಕ್ತೀರಿ ಮ್ಯಾನ್?”

“ನಾನ್ ಹೇಳಿದ್ದೇ ತೂಕ.”

ಆಂಟಿ ಒಳಗಿನಿಂದ ಕಳೆದ ವರ್ಷದ ಬಾಟ್ಲಿ ತರಲು ಹೋದರು. ದರ ಮಾತಾಡುವಾಗ ಅದನ್ನು ಮುಂದಿಡುವುದು ಅವರ ಕ್ರಮ, ಅಡ್ವಾನ್ಸು ಅಂತ.